ಷರಾ ಕಾಲಮಿನಲ್ಲಿ ಅಂತಃಪುರ

ನೀರಿನ ಮೀಟರು ಓದುವವನು ಪ್ರೇಮ ಕಾದಂಬರಿ ಬರೆಯಬಾರದು ಎಂದು ಯಾವ ಕಾನೂನಿನಲ್ಲಿದೆ, ತೋರಿಸಿ. ನಾನು ಬರೆಯುತ್ತೇನೆ. ಅದೂ ಎಂಥ ಪ್ರೇಮ! ರಾಜರ ಕಾಲದ್ದು. ಅರಮನೆ, ಅಂತಃಪುರ, ಗೂಢಚಾರರು, ಮುಸುಕು, ಕಠಾರಿ ಎಲ್ಲ ಇರುವಂಥದ್ದು. ನನ್ನ ಕಾದಂಬರಿಯಲ್ಲಿ ಯಾರೂ ಸುಮ್ಮನೆ ಬಾಗಿಲಿನಿಂದ ಒಳಗೆ ಬರುವುದಿಲ್ಲ. ಒಂದೋ ಕಿಟಕಿಯಿಂದ ಬರುತ್ತಾರೆ, ಇಲ್ಲವೇ ಸುರಂಗದಿಂದ. ನಗುವವರು ಈಗಲೇ ನಕ್ಕು ಮುಗಿಸಲಿ, ನನಗೆ ಹೇಳುವುದಕ್ಕೆ ಬಹಳ ಇದೆ.

ಕಾದಂಬರಿಯ ಹೆಸರು ‘ಕತ್ತಿಗೆ ಸೋತ ಕಂಗಳು’. ಮಹಾರಾಣಿಯ ಜಡೆ ಹೆಣೆಯುವ ದಾಸಿಯೊಬ್ಬಳು ನಿಜಕ್ಕೂ ಶತ್ರು ರಾಜ್ಯದ ಗೂಢಚಾರಿಣಿ. ಅವಳನ್ನು ಹಿಡಿಯಲು ನೇಮಕವಾದ ಬೇಹುಗಾರರ ದಳಪತಿಗೆ ಅವಳ ಮೇಲೇ ಪ್ರೀತಿ. ಹಿಡಿದರೆ ಅವಳ ತಲೆ ಹೋಗುತ್ತದೆ, ಬಿಟ್ಟರೆ ಇವನ ತಲೆ ಹೋಗುತ್ತದೆ. ಎಂಟು ಅಧ್ಯಾಯಗಳ ಕಾಲ ಇಬ್ಬರ ತಲೆಯನ್ನೂ ಉಳಿಸಿಕೊಂಡು ಬಂದಿದ್ದೆ. ಇದು ಸಣ್ಣ ಜವಾಬ್ದಾರಿಯಲ್ಲ ಸ್ವಾಮಿ.

ಬರೆಯಲು ನನಗೆ ಮೇಜಿಲ್ಲ, ಪುರುಸೊತ್ತೂ ಇಲ್ಲ. ಬೆಳಗಾದರೆ ಬೀದಿ ಬೀದಿ ಸುತ್ತಬೇಕು. ಗೇಟು ತೆಗೆಯಬೇಕು, ನಾಯಿಯನ್ನು ಪುಸಲಾಯಿಸಬೇಕು, ಕಬ್ಬಿಣದ ಮುಚ್ಚಳ ಎತ್ತಿ, ಮಂಡಿಯೂರಿ, ಕೆಸರು ಒರೆಸಿ ಮೀಟರಿನ ಅಂಕಿ ನೋಡಬೇಕು. ಕೈ ಯಾವಾಗಲೂ ಒದ್ದೆ. ಅದಕ್ಕೇ ಇಲಾಖೆಯವರು ಬಾಯಿಮಾತಿನಲ್ಲೇ ಕೆಲಸ ಮುಗಿಸುವ ಫೋನು ಕೊಟ್ಟಿದ್ದಾರೆ. ಮನೆಯ ನಂಬರು ಹೇಳಿ, ಅಂಕಿ ಹೇಳಿ, ಕೊನೆಗೆ ಷರಾ ಹೇಳಿದರೆ ಆಯಿತು, ಎಲ್ಲವನ್ನೂ ಯಂತ್ರವೇ ಬರೆದುಕೊಳ್ಳುತ್ತದೆ. ಷರಾ ಎಂದರೆ ‘ಮುಚ್ಚಳ ಒಡೆದಿದೆ’, ‘ನಾಯಿ ಇದೆ’, ‘ಮನೆಯವರು ಬೈದರು’ ಇಂಥವು. ಅದು ಬಿಲ್ಲಿನ ಕೆಳಗೆ ಅಚ್ಚಾಗಿ ಮನೆಗೆ ಹೋಗುತ್ತದೆ. ಅದೇ ಫೋನಿನಲ್ಲಿ, ಷರಾದ ಮೈಕಿನ ಗುಂಡಿಯ ಪಕ್ಕದಲ್ಲೇ, ಸ್ವಂತ ಟಿಪ್ಪಣಿಗೆಂದು ಇನ್ನೊಂದು ಮೈಕಿನ ಗುಂಡಿ ಇದೆ. ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ನಡೆಯುತ್ತ ನಾನು ಅದಕ್ಕೆ ಕಾದಂಬರಿ ಹೇಳುತ್ತಿದ್ದೆ.

ಹೀಗಿರುವಾಗ ಇಲಾಖೆಯವರು ಆ ಫೋನನ್ನು ಸುಧಾರಿಸಿದರು. ಸುಧಾರಣೆ ಎಂದರೆ ಇಷ್ಟೇ: ಎರಡು ಗುಂಡಿಗಳೂ ಜಾಗ ಬದಲಾಯಿಸಿಕೊಂಡವು. ಬಿಸಿಲಿನಲ್ಲಿ ಪರದೆ ಕಾಣುವುದಿಲ್ಲ, ಬೆವರಿಗೆ ಕನ್ನಡಕ ಜಾರುತ್ತದೆ, ಬೆರಳು ರೂಢಿಯಾದ ಜಾಗಕ್ಕೇ ಹೋಗುತ್ತದೆ. ಇದರಲ್ಲಿ ನನ್ನ ತಪ್ಪೇನು ಬಂತು?

ನನ್ನ ಹೆಂಡತಿ ಮನೆಯಲ್ಲಿ ಹೊಲಿಗೆ ಹೊಲಿಯುತ್ತಾಳೆ. ಸಂಜೆ ಅವಳು ಮಿಷನ್ನು ತುಳಿಯುವಾಗ ನಾನು ಆವತ್ತಿನ ಅಧ್ಯಾಯವನ್ನು ಫೋನಿನಿಂದಲೇ ಓದಿಸುತ್ತೇನೆ. ಆ ದಿನ ಒಂಬತ್ತನೆಯ ಅಧ್ಯಾಯ. ದಳಪತಿ ಮೊದಲ ಬಾರಿಗೆ ಬಾಯಿಬಿಟ್ಟು ಪ್ರೀತಿ ಹೇಳಿಕೊಳ್ಳುವ ಅಧ್ಯಾಯ. ನಾನು ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದೆ. ಫೋನು ಗಂಭೀರವಾಗಿ ಶುರುಮಾಡಿತು: “ಗೇಟಿಗೆ ಬೀಗ. ನಾಯಿ ಇದೆ. ಮುಚ್ಚಳದ ಕೆಳಗೆ ಇರುವೆಗೂಡು. ಮುದುಕಿ ಬೈದರು.”

ಹೆಂಡತಿ ಮಿಷನ್ನು ನಿಲ್ಲಿಸಿದಳು.

“ರೀ, ದಾಸಿ ಎಲ್ಲಿ?”

“ಬರ್ತಾಳೆ ಇರು.”

“ಪೈಪು ಸೋರುತ್ತಿದೆ,” ಎಂದಿತು ಫೋನು. “ಮತ್ತೆ ನಾಯಿ.”

“ಪ್ರೀತಿ ಹೇಳ್ಕೊಳ್ತಾನೆ ಅಂದಿದ್ರಿ?”

ಇರುವೆಗೂಡು ಇಲ್ಲಿದ್ದರೆ ಅಂತಃಪುರ ಎಲ್ಲಿಗೆ ಹೋಯಿತು? ಯೋಚಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಔಷಧಿ ಅಂಗಡಿಯವರು ನಿಂತಿದ್ದರು. ಕೈಯಲ್ಲಿ ಆವತ್ತೇ ಅಚ್ಚಾಗಿ ಬಂದ ನೀರಿನ ಬಿಲ್ಲು, ಮುಖದಲ್ಲಿ ಒಂದು ತೊಟ್ಟು ರಕ್ತವಿಲ್ಲ. ನನ್ನನ್ನು ‘ಏಯ್ ಮೀಟರು’ ಎಂದೇ ಕರೆಯುತ್ತಿದ್ದ ಮನುಷ್ಯ.

“ಸಾರ್, ಒಳಗೆ ಬರಬಹುದಾ ಸಾರ್?”

ಬಿಲ್ಲಿನ ಕೆಳಗೆ, ಷರಾ ಕಾಲಮಿನಲ್ಲಿ, ದಪ್ಪಕ್ಷರದಲ್ಲಿ ಹೀಗಿತ್ತು: ‘ನೀನು ಬಟ್ಟಲಿನಲ್ಲಿ ಕೊಡುತ್ತಿರುವುದು ಔಷಧವಲ್ಲ, ವಿಷ. ಅರಮನೆಗೆ ಇದು ಗೊತ್ತಾಗಿದೆ.’

ಅದು ರಾಜವೈದ್ಯನಿಗೆ ದಳಪತಿ ಹೇಳುವ ಮಾತು. ಬಹಳ ಒಳ್ಳೆಯ ಮಾತು. ನಾನು ಸಂತೋಷದಿಂದ, “ಅಬ್ಬಾ, ಇಲ್ಲಿದೆಯಾ!” ಎಂದುಬಿಟ್ಟೆ.

“ಗೊತ್ತಾಯ್ತು ಅಂತ ನನಗೂ ಗೊತ್ತಾಯ್ತು ಸಾರ್,” ಎಂದು ಅವರು ಕೈ ಮುಗಿದರು. “ಅವಧಿ ಮುಗಿದ ಕೆಮ್ಮಿನ ಔಷಧಿ ಎಲ್ಲಾ ವಾಪಸ್ ಕಳಿಸಿಬಿಟ್ಟೆ. ನನ್ನ ಅಂಗಡಿಯೊಳಗೆ ನಿಮ್ಮ ಜನ ಯಾರಿದ್ದಾರೆ, ಅದೊಂದು ಹೇಳಿಬಿಡಿ ಸಾರ್.”

“ನನ್ನ ಜನ ಯಾರೂ ಇಲ್ಲ. ಇದು ಕಥೆ.”

“ಹೌದು ಹೌದು, ಕಥೆ,” ಎಂದು ಅವರು ಕಣ್ಣು ಮಿಟುಕಿಸಿ, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಹೊಸ್ತಿಲು ದಾಟಿದರು.

ಯಾರು ಏನಾದರೂ ಅಂದುಕೊಳ್ಳಲಿ, ನನಗೆ ಬೇಕಾಗಿದ್ದದ್ದು ನನ್ನ ಅಧ್ಯಾಯ. ಒಂದೊಂದು ಬಿಲ್ಲಿಗೆ ಎರಡೆರಡು ಸಾಲು ಅಂಟಿಕೊಂಡಿತ್ತು. ಅದಕ್ಕಿಂತ ಹೆಚ್ಚು ಆ ಕಾಲಮಿನಲ್ಲಿ ಹಿಡಿಸುವುದಿಲ್ಲ, ಉಳಿದದ್ದನ್ನು ಯಂತ್ರ ನುಂಗಿಬಿಡುತ್ತದೆ. ಸಿಕ್ಕಷ್ಟನ್ನಾದರೂ ಉಳಿಸಿಕೊಳ್ಳೋಣವೆಂದು ಮರುದಿನ ಬೆಳಿಗ್ಗೆ ಮನೆ ಮನೆಗೆ ಹೋದೆ. “ನಿಮ್ಮ ಬಿಲ್ಲು ಸ್ವಲ್ಪ ಕೊಡಿ, ಷರಾ ನೋಡ್ಕೊಂಡು ಕೊಡ್ತೀನಿ” ಎಂದು ವಿನಯವಾಗಿ ಕೇಳಿದೆ. ಇದಕ್ಕಿಂತ ದೊಡ್ಡ ತಪ್ಪನ್ನು ನನ್ನ ಜೀವಮಾನದಲ್ಲಿ ನಾನು ಮಾಡಿಲ್ಲ. ಜನ ಕಂಗಾಲಾದರು. ಬೇಹುಗಾರ ಸಾಕ್ಷಿ ಕಲೆಹಾಕಲು ಬಂದಿದ್ದಾನೆ ಎಂದುಕೊಂಡರು. ಯಾವಾಗಲೂ ಗೇಟಿನ ಹೊರಗೇ ನಿಲ್ಲಿಸುತ್ತಿದ್ದವರು ಸೋಫಾದ ಮೇಲೆ ಕೂರಿಸಿ ಫ್ಯಾನು ಹಾಕಿದರು. ಆ ಮುದುಕಿ, ನನ್ನನ್ನು ಬೈದು ಷರಾದಲ್ಲಿ ಸೇರಿದ ಅದೇ ಮುದುಕಿ, ನಾಯಿಗೆ ಗದರಿದರು: “ಸುಮ್ನಿರೋ, ಸಾಹೇಬರು ಬಂದಿದ್ದಾರೆ.”

ನಿವೃತ್ತ ಮೇಷ್ಟ್ರ ಮನೆಗೆ ಹೋದರೆ ಮೇಷ್ಟ್ರು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಅವರ ಪಕ್ಕದಲ್ಲೊಂದು ದಿಂಬು. ಒಳಗೆ ಪಾತ್ರೆಗಳು ದಡಬಡ ಸದ್ದು ಮಾಡುತ್ತಿದ್ದವು.

“ನಿಮ್ಮಿಂದ ನನ್ನ ಮನೆ ಮುರೀತಯ್ಯಾ,” ಎಂದರು.

ಅವರ ಬಿಲ್ಲಿನಲ್ಲಿ, ‘ನೀನು ದಿನವೂ ಕದ್ದು ಹೋಗುವುದು ಯಾರ ಬಳಿಗೆಂದು ಮಹಾರಾಣಿಗೆ ತಿಳಿಯುವ ಗಳಿಗೆ ಬಂತು’ ಎಂದಿತ್ತು. ಅದನ್ನು ಮೊದಲು ಓದಿದವರು ಅವರ ಹೆಂಡತಿ. ಆಕೆ ತನ್ನನ್ನೇ ಮಹಾರಾಣಿ ಎಂದುಕೊಂಡದ್ದರಲ್ಲಿ ನನಗೇನೂ ಆಶ್ಚರ್ಯವಾಗಲಿಲ್ಲ. ಆ ಮನೆಯ ಆಡಳಿತ ನೋಡಿದವರಿಗೆ ಯಾರಿಗೂ ಆಗುವುದಿಲ್ಲ.

“ಅಮ್ಮಾ, ಅದು ಕಾದಂಬರಿಯ ಸಾಲು!” ಎಂದು ನಾನು ಕಿಟಕಿಯ ಕಡೆಗೆ ಕೂಗಿ ಹೇಳಿದೆ.

“ನೀವು ಅವರ ತಪ್ಪು ಮುಚ್ಚಿಹಾಕ್ಬೇಡಿ!” ಎಂದು ಒಳಗಿನಿಂದ ಉತ್ತರ ಬಂತು. “ಯಾರವಳು ಅಂತ ಹೇಳಿಬಿಡಿ, ಸಾಕು!”

ಮೇಷ್ಟ್ರು ತಲೆ ತಗ್ಗಿಸಿ, “ಸಿಹಿ ಅಂಗಡಿ ಕಣೇ!” ಎಂದು ಅತ್ತೇಬಿಟ್ಟರು. “ಸಕ್ಕರೆ ಕಾಯಿಲೆ ಅಂತ ಮನೇಲಿ ಒಂದು ತುಂಡು ಕೊಡಲ್ವಲ್ಲ ನೀನು, ವಾಕಿಂಗ್ ಅಂತ ಹೇಳಿ ದಿನಾ ಸಿಹಿ ಅಂಗಡಿಗೆ ಹೋಗ್ತಿದ್ದೆ. ಇನ್ಯಾರೂ ಇಲ್ಲ ಕಣೇ!”

ಪಾತ್ರೆಯ ಸದ್ದು ನಿಂತಿತು. ಬಾಗಿಲು ತೆರೆಯಲಿಲ್ಲ. ಬೇರೆ ಹೆಂಗಸಿದ್ದಿದ್ದರೂ ಆಕೆ ಕ್ಷಮಿಸುತ್ತಿದ್ದರೇನೋ, ಇದನ್ನು ಕ್ಷಮಿಸುವ ಲಕ್ಷಣ ಕಾಣಲಿಲ್ಲ.

ಸುದ್ದಿ ಬಡಾವಣೆಯನ್ನೆಲ್ಲ ಸುತ್ತಿ ನಮ್ಮ ಕಚೇರಿ ಮುಟ್ಟಿತು. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಕೌಂಟರಿನ ಮುಂದೆ ಉದ್ದನೆಯ ಸಾಲು. ಮೀಟರಿಗೆ ಮೊದಲೇ ಪೈಪು ಕೊರೆದು ನೀರು ಎಳೆದವರು, ಮೀಟರಿನ ಮುಳ್ಳಿಗೆ ದಾರ ಕಟ್ಟಿದವರು, ಬೀದಿ ಪೈಪಿಗೆ ನೇರವಾಗಿ ಮೋಟಾರು ಹಚ್ಚಿದವರು, ಎಲ್ಲರೂ ತಾವಾಗಿಯೇ ಬಂದು ತಪ್ಪೊಪ್ಪಿಕೊಳ್ಳುತ್ತಿದ್ದರು. ‘ನೆಲದ ಕೆಳಗಿನ ನಿನ್ನ ಗುಪ್ತದಾರಿಯನ್ನು ಕಂಡುಹಿಡಿದಿದ್ದೇನೆ’ ಎಂಬ ನನ್ನ ಸಾಲೊಂದು ಯಾವುದೋ ಮನೆಗೆ ಹೋಗಿ, ಅವರು ಇನ್ನೊಬ್ಬರಿಗೆ ಹೇಳಿ, ನೆಲದ ಕೆಳಗೆ ಪೈಪು ಹೂತಿಟ್ಟವರೆಲ್ಲ ಗಡಗಡ ನಡುಗಿಹೋಗಿದ್ದರು. ಸಾಲಿನಲ್ಲಿದ್ದವರು ನನ್ನನ್ನು ಕಂಡು ದಾರಿ ಬಿಟ್ಟರು. ಒಬ್ಬರಂತೂ ಟೋಪಿ ತೆಗೆದರು.

ಒಳಗೆ ನಮ್ಮ ಮೇಲಧಿಕಾರಿ ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನನಗಾಗಿಯೇ ಎದ್ದಿದ್ದರು.

“ಕೂತ್ಕೊಳಯ್ಯಾ, ಕೂತ್ಕೋ. ಇಷ್ಟು ವರ್ಷ ನೋಟೀಸು ಕೊಟ್ಟರೂ ಬಗ್ಗದ ಜನ. ನೀನು ಎರಡೇ ಸಾಲಲ್ಲಿ ಬಗ್ಗಿಸಿಬಿಟ್ಟೆ. ಅದ್ಹೇಗೆ ಹೊಳೀತು ನಿನಗೆ?”

“ಸಾರ್, ನಿಜ ಹೇಳ್ತೀನಿ. ಗುಂಡಿ ತಪ್ಪಿ ಒತ್ತಿದೆ. ಅದು ನನ್ನ ಪ್ರೇಮ ಕಾದಂಬರಿ.”

ಸಾಹೇಬರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ದನಿ ತಗ್ಗಿಸಿದರು.

“ಈ ಮಾತು ಇಲ್ಲಿಗೇ ನಿಲ್ಲಲಿ. ಇಲಾಖೆ ಫೋನಲ್ಲಿ ಪ್ರೇಮ ಕಾದಂಬರಿ ಅಂದ್ರೆ ಸಸ್ಪೆಂಡ್ ಆಗ್ತೀಯ. ಗುಪ್ತ ತನಿಖೆ ಅಂದ್ರೆ ಬಡ್ತಿ ಆಗುತ್ತೆ. ಒಳಗೆ ಕುರ್ಚಿ, ಮೇಲೆ ಫ್ಯಾನು. ಬಿಸಿಲಿಲ್ಲ, ನಾಯಿಯಿಲ್ಲ, ಮಂಡಿ ಊರೋ ಹಾಗಿಲ್ಲ. ಆಯ್ಕೆ ನಿಂದು.”

ನನ್ನ ಮಂಡಿ ಮೀಟರಿನ ಹೊಂಡಗಳ ಮುಂದೆ ಊರಿ ಊರಿ ಸವೆದುಹೋಗಿದೆ. ಕುರ್ಚಿ ಎಂದ ಕೂಡಲೇ ಎರಡೂ ಮಂಡಿಗಳು ತಾವಾಗಿಯೇ ಒಪ್ಪಿಗೆ ಕೊಟ್ಟವು. ನಾನು ಕೇಳಿದೆ, “ಕಾದಂಬರಿ, ಸಾರ್?”

“ಮುಂದುವರಿಸು! ನಾನೆಲ್ಲಿ ಬೇಡ ಅಂದೆ? ಮುಂದಿನ ಸುತ್ತಿನ ಷರಾದಲ್ಲೂ ಹಾಕು. ಆದರೆ ಆ ಪ್ರೇಮದ ಭಾಗ ಪೂರಾ ತೆಗೆದುಬಿಡು. ‘ಅವಳ ಮುಂಗುರುಳು ಗಾಳಿಗೆ ಹಾರಿತು’ ಅಂತ ಒಂದು ಬಿಲ್ಲಲ್ಲಿ ಓದಿದೆ. ನೀರು ಸರಬರಾಜಿಗೂ ಮುಂಗುರುಳಿಗೂ ಏನಯ್ಯಾ ಸಂಬಂಧ? ಕೊನೆಗೆ ಆ ದಾಸಿಯನ್ನ ನೇಣಿಗೆ ಹಾಕು. ಕದ್ದವರು ಯಾರೂ ಉಳಿಯಲ್ಲ ಅಂತ ಜನಕ್ಕೆ ಖಚಿತವಾಗಬೇಕು. ಆ ಸುತ್ತು ಮುಗಿಸಿ ಬಂದು ಕುರ್ಚಿ ಹತ್ತು.”

“ನೇಣಿಗಾ?”

“ನೇಣಿಗೇ. ಆ ದಳಪತಿ ಕೈಯಿಂದಲೇ ಹಾಕ್ಸು. ಇನ್ನೂ ಪರಿಣಾಮಕಾರಿ.”

ಮನೆಗೆ ಬಂದರೆ ಮಾವನ ಮನೆಯಿಂದ ಅತ್ತೆಯವರು ಬಂದು ಕೂತಿದ್ದರು. ಮಗಳನ್ನು ಮೀಟರು ಓದುವವನಿಗೆ ಕೊಟ್ಟೆ ಎಂದು ಮದುವೆಯಾದ ದಿನದಿಂದ ಮೂಗು ಮುರಿಯುತ್ತ ಬಂದವರು ಈಗ ನನಗೆ ತಾವೇ ಟೀ ತಂದುಕೊಟ್ಟರು.

“ನಾನು ಮೊದಲೇ ಅಂದ್ಕೊಂಡಿದ್ದೆ. ಅಳಿಯಂದಿರು ನೋಡೋಕೆ ಬೆಪ್ಪನ ಹಾಗೆ ಕಾಣ್ತಾರೆ, ಆದ್ರೆ ಅದೆಲ್ಲಾ ವೇಷ. ನಿಜವಾದ ಬೇಹುಗಾರರು ಹಾಗೇ ಇರೋದು. ನಮ್ಮ ಕಡೆಯವರಿಗೆಲ್ಲಾ ಫೋನ್ ಮಾಡಿ ಹೇಳಿಬಿಟ್ಟಿದ್ದೀನಿ.”

“ಅತ್ತೇ, ವೇಷ ಅಲ್ಲ. ನಾನು ಇರೋದೇ ಹೀಗೆ.”

“ನೋಡು, ನೋಡು! ಮನೆಯವರ ಹತ್ರಾನೂ ಬಾಯಿ ಬಿಡಲ್ಲ!” ಎಂದು ಅವರು ಮಗಳ ಕಡೆ ಹೆಮ್ಮೆಯಿಂದ ನೋಡಿದರು.

ಹೆಂಡತಿ ರವಿಕೆಗೆ ಕೊಕ್ಕೆ ಹಾಕುತ್ತಿದ್ದಳು. ನಾನು ಅವಳ ಪಕ್ಕ ಕೂತು ಕುರ್ಚಿಯ ವಿಷಯ, ಫ್ಯಾನಿನ ವಿಷಯ, ಮಂಡಿಯ ವಿಷಯ ಹೇಳಿದೆ. ಅವಳ ಮುಖ ಅರಳಿತು. ದಿನಾ ಸಂಜೆ ಆ ಮಂಡಿಗಳಿಗೆ ಎಣ್ಣೆ ತಿಕ್ಕುವವಳು ಅವಳೇ ತಾನೆ. ಆಮೇಲೆ ನೇಣಿನ ವಿಷಯ ಹೇಳಿದೆ. ಸೂಜಿ ನಿಂತಿತು.

“ಯಾರನ್ನ ನೇಣಿಗೆ ಹಾಕ್ತೀರಿ?”

“ದಾಸಿಯನ್ನ. ಸಾಹೇಬರು ಹೇಳಿದ್ರು.”

“ಸಾಹೇಬರು ಯಾರ್ರೀ ಅವಳ ಕಥೆ ಮುಗಿಸೋಕೆ? ಎಂಟು ಅಧ್ಯಾಯ ಅವಳ ಜೊತೆ ನಾನೂ ಸುರಂಗದಲ್ಲಿ ಓಡಿದ್ದೀನಿ. ಕಿಟಕಿ ಹಾರಿದ್ದೀನಿ. ಈ ಮಿಷನ್ ಮುಂದೆ ಕೂತೋಳಿಗೆ ಬೇರೆ ಎಲ್ಲಿಗೆ ಹೋಗೋಕಿತ್ತು? ಅವಳನ್ನ ಸಾಯಿಸಿ ಬಂದು ಆ ಕುರ್ಚಿ ಮೇಲೆ ಕೂತ್ಕೊಳ್ಳಿ ನೋಡೋಣ, ಆಮೇಲೆ ನಾನು ಮಂಡಿಗೆ ಎಣ್ಣೆ ಹಚ್ಚೋದಿಲ್ಲ.”

“ಕುರ್ಚಿ ಸಿಕ್ಕಿದ್ರೆ ಎಣ್ಣೆ ಬೇಕಾಗಲ್ವಲ್ಲೇ.”

ಅವಳು ನನ್ನನ್ನು ನೋಡಿದ ನೋಟಕ್ಕೆ ನಾನು ಟೀ ಲೋಟ ಕೆಳಗಿಟ್ಟೆ. ಆ ನೋಟವನ್ನು ಎಂಟು ಅಧ್ಯಾಯಗಳಲ್ಲಿ ದಾಸಿಯ ಮುಖದ ಮೇಲೆ ತರಲು ನಾನು ಹೆಣಗಿದ್ದೆ, ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು. ಹೆದರಿಕೆಯೂ ಆಯಿತು.

ಸಾಹೇಬರು ಬಡಾವಣೆಯವರನ್ನೆಲ್ಲ ಕರೆದು ಕಚೇರಿಯ ಹಾಲಿನಲ್ಲಿ ಸಭೆ ಮಾಡಿದರು. ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಗೋಡೆಗೂ ಕಿವಿ ಇದೆ ಎನ್ನುವ ದನಿಯಲ್ಲಿ, “ಇಲಾಖೆಯ ಗುಪ್ತ ವಿಭಾಗ ಎಲ್ಲವನ್ನೂ ನೋಡುತ್ತಿದೆ” ಎಂದರು. ಜನ ನನ್ನ ಮುಖ ನೋಡಿ ಬೆವರು ಒರೆಸಿಕೊಂಡರು. ನಾನು ಸುಮ್ಮನಿದ್ದಿದ್ದರೆ ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಆದರೆ ಹಿಂದಿನ ಸಾಲಿನಲ್ಲಿ ನನ್ನ ಹೆಂಡತಿ ಕೂತಿದ್ದಳು.

“ಸುಳ್ಳು!” ಎಂದು ನಾನು ಕೂಗಿದೆ. “ನಾನು ಯಾವ ಬೇಹುಗಾರನೂ ಅಲ್ಲ. ಪ್ರೇಮ ಕಾದಂಬರಿ ಬರೆಯೋನು. ನಿಮಗೆಲ್ಲಾ ಬಂದಿರೋದು ಅದರ ಒಂಬತ್ತನೆ ಅಧ್ಯಾಯ. ಮುಂಗುರುಳೂ ನಂದೇ, ವಿಷದ ಬಟ್ಟಲೂ ನಂದೇ!”

ಸಾಹೇಬರ ಮುಖ ಕಪ್ಪಿಟ್ಟಿತು. ಆಗ ಔಷಧಿ ಅಂಗಡಿಯವರು ಚಪ್ಪಾಳೆ ತಟ್ಟಿದರು.

“ಆಹಾ, ಎಂಥ ತರಬೇತಿ! ಸಿಕ್ಕಿಬಿದ್ದಾಗ ಏನು ಹೇಳ್ಬೇಕು ಅಂತಾನೂ ಕಲಿಸಿರ್ತಾರೆ ನೋಡಿ!”

“ಪ್ರೇಮ ಕಥೆಯಂತೆ! ಈ ವಯಸ್ಸಲ್ಲಿ!” ಎಂದರು ಮೇಷ್ಟ್ರ ಹೆಂಡತಿ.

“ಈ ಹೊಟ್ಟೇಲಿ!” ಎಂದರು ನಾಯಿಯ ಮುದುಕಿ.

“ಅಲ್ಲಾ, ಇವರನ್ನ ನೋಡಿದ್ರೆ ಪ್ರೇಮ ಅಂತ ಒಂದು ಅಕ್ಷರ ಗೊತ್ತಿರೋ ಹಾಗೆ ಕಾಣುತ್ತಾ ನೀವೇ ಹೇಳಿ,” ಎಂದು ಮೇಷ್ಟ್ರು ಎಲ್ಲರನ್ನೂ ಕೇಳಿದರು. ಸಭೆ ಒಕ್ಕೊರಲಿನಿಂದ ಇಲ್ಲ ಎಂದಿತು. ನಮ್ಮತ್ತೆಯ ದನಿ ಎಲ್ಲರಿಗಿಂತ ಜೋರಾಗಿತ್ತು.

ಬೇಹುಗಾರ ಎಂದರೆ ನಂಬುತ್ತಾರೆ, ಕಳ್ಳ ಎಂದರೂ ನಂಬುತ್ತಿದ್ದರು, ಪ್ರೇಮ ಎಂದರೆ ನಂಬುವುದಿಲ್ಲ! ನನಗೆ ಮೈ ಉರಿದುಹೋಯಿತು. ಅಷ್ಟು ಸಿಟ್ಟು ನನಗೆ ನಾಯಿ ಕಚ್ಚಿದಾಗಲೂ ಬಂದಿರಲಿಲ್ಲ. ಸಾಹೇಬರು ಮಾತ್ರ ನಿರಾಳವಾಗಿ ಉಸಿರುಬಿಟ್ಟು ನನ್ನ ಬೆನ್ನು ತಟ್ಟಿದರು. ಮುಂದಿನ ಸುತ್ತಿಗೆ ಹೇಳಬೇಕಾದ ಬೆದರಿಕೆಯ ಸಾಲುಗಳನ್ನು ತಾವೇ ಬಾಯಿಪಾಠ ಮಾಡಿಸಿದರು. ನಾನು ಎಲ್ಲಕ್ಕೂ ಹೂಂ ಹೂಂ ಎಂದೆ.

ಸುತ್ತಿನ ದಿನ ಬಂತು. ಕನ್ನಡಕ ಒರೆಸಿ ಏರಿಸಿಕೊಂಡೆ. ಪರದೆಗೆ ಅಂಗೈ ಮರೆ ಮಾಡಿ ಗುಂಡಿ ನೋಡಿದೆ. ಈ ಸಲ ಬೆರಳು ತಪ್ಪಲಿಲ್ಲ. ಬೇಕೆಂದೇ, ತಿಳಿದೂ ತಿಳಿದೂ, ಷರಾದ ಮೈಕನ್ನೇ ಒತ್ತಿದೆ. ಮೊದಲ ಗೇಟಿನಿಂದ ಕೊನೆಯ ಗೇಟಿನವರೆಗೆ, ಮನೆಗೆ ಎರಡೇ ಸಾಲಿನಂತೆ, ಕಾದಂಬರಿಯ ಕೊನೆಯ ಅಧ್ಯಾಯವನ್ನು ಹೇಳುತ್ತ ಹೋದೆ. ದಾಸಿಯನ್ನು ನಾನು ನೇಣಿಗೆ ಹಾಕಲಿಲ್ಲ. ನೇಣುಗಂಬದವರೆಗೆ ಕರೆದೊಯ್ದು ಬಿಡಿಸಿಕೊಂಡು ಬಂದೆ. ದಳಪತಿ ತುಂಬಿದ ದರ್ಬಾರಿನಲ್ಲಿ ಎಲ್ಲರೆದುರು ಅವಳ ಕೈ ಹಿಡಿದ. ಮುಂಗುರುಳನ್ನು ಬೇಕಾದಷ್ಟು ಹಾರಿಸಿದೆ. ಅಕ್ಕಪಕ್ಕದ ಗೇಟಿನವರು ಕಿವಿಗೊಟ್ಟು ನಿಂತರು, ನಿಲ್ಲಲಿ ಎಂದು ಇನ್ನೂ ಗಟ್ಟಿಯಾಗಿ ಹೇಳಿದೆ. ಮಂಡಿ ನೋಯುತ್ತಿತ್ತು, ಕಣ್ಣು ತುಂಬಿತ್ತು. ಮೀಟರಿನ ಅಂಕಿಗಳನ್ನೂ ಒಂದೂ ತಪ್ಪದೆ ಓದಿದೆ, ಆ ವಿಷಯದಲ್ಲಿ ನನ್ನ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ.

ನಮ್ಮ ಕಚೇರಿಯಲ್ಲಿ ಬಿಲ್ಲುಗಳನ್ನು ಯಂತ್ರ ಅಚ್ಚು ಹಾಕುತ್ತದೆ, ಹಂಚುವವನು ಹಂಚುತ್ತಾನೆ, ಓದುವವರು ಮಧ್ಯದಲ್ಲಿ ಯಾರೂ ಇಲ್ಲ. ಓದುವವರಿದ್ದಿದ್ದರೆ ಈ ಕಥೆ ಮೊದಲ ಸುತ್ತಿನಲ್ಲೇ ಮುಗಿಯುತ್ತಿತ್ತು.

ಬಿಲ್ಲು ತಲುಪಿದ ದಿನ ಬಡಾವಣೆಯಲ್ಲಿ ಯಾರೂ ಮನೆಯೊಳಗೆ ಇರಲಿಲ್ಲ. ಬೆದರಿಕೆ ಬರುತ್ತದೆಂದು ಜೀವ ಕೈಯಲ್ಲಿ ಹಿಡಿದು ಕೂತಿದ್ದ ಔಷಧಿ ಅಂಗಡಿಯವರಿಗೆ, ‘“ಸೋತೆ ಎನ್ನಲು ಇಷ್ಟು ದಿನ ಬೇಕಾಯಿತೇ?” ಎಂದು ಅವಳು ಕೇಳಿದಳು. ಅವನ ಗಂಟಲು ಕಟ್ಟಿತು’ ಎಂದು ಬಂದಿತ್ತು. ಅವನು ಏನೆಂದ ಎಂದು ತಿಳಿಯದೆ ಅವರ ತಲೆ ಕೆಟ್ಟುಹೋಯಿತು. ಅಂಗಡಿಯ ಬಾಗಿಲು ಅರ್ಧ ಎಳೆದು ಮುಂದಿನ ಮನೆಗೆ ಓಡಿದರು. ಮೇಷ್ಟ್ರು ತಮ್ಮ ಬಿಲ್ಲು ಹಿಡಿದು ಹಿಂದಿನ ಮನೆಗೆ ಓಡಿದರು. ಅವರ ಹೆಂಡತಿ ಗಂಡನನ್ನು ಅಲ್ಲೇ ಹಿಡಿದು ನಿಲ್ಲಿಸಿ, “ನೀವು ಓದಿದ್ರೆ ಯಾರಿಗೆ ಅರ್ಥವಾಗುತ್ತೆ, ಇಲ್ಲಿ ಕೊಡಿ” ಎಂದು ಕಸಿದುಕೊಂಡು ಬೀದಿಯ ನಡುವೆ ನಿಂತು ಗಟ್ಟಿಯಾಗಿ ಓದಿದರು. ಮುದುಕಿಯ ಗೇಟು ತೆರೆದೇ ಇತ್ತು. ನಾಯಿ ಎಲ್ಲರ ಹಿಂದೆ ಸುಮ್ಮನೆ ತಿರುಗುತ್ತಿತ್ತು, ಯಾರನ್ನು ಬೊಗಳಬೇಕೆಂದು ಅದಕ್ಕೆ ಗೊತ್ತಾಗಲಿಲ್ಲ. ನಮ್ಮತ್ತೆ ನೆಂಟರಿಗೆಲ್ಲ ಮತ್ತೆ ಫೋನು ಮಾಡಿ, ಬೇಹುಗಾರಿಕೆಯ ಮಾತು ಬಿಟ್ಟು, ದರ್ಬಾರಿನ ದೃಶ್ಯವನ್ನು ಹೇಳತೊಡಗಿದರು.

ನನಗೆ ಕಚೇರಿಯಿಂದ ಕರೆ ಬಂತು.

ಈ ಸಲ ಸಾಹೇಬರು ಏಳಲಿಲ್ಲ. ಸಸ್ಪೆಂಡ್ ಆದೇಶವನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಇಲಾಖೆಯ ಮಾನ ಹರಾಜಾಯಿತು, ಪೈಪು ಕೊರೆದವರೆಲ್ಲ ಈಗ ಹೆದರಿಕೆ ಬಿಟ್ಟು ಬಂದು ಮದುವೆ ಯಾವಾಗ ಎಂದು ಕೇಳುತ್ತಿದ್ದಾರೆ, ಕುರ್ಚಿಯ ಆಸೆಯನ್ನು ಮರೆತುಬಿಡು ಎಂದೆಲ್ಲ ಹೇಳಿದರು. ಮೇಜು ಗುದ್ದಿದರು. ನಾನು ಆದೇಶಕ್ಕೆ ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕಿದೆ.

“ತಪ್ಪಾಯ್ತು ಅಂತ ಒಂದು ಮಾತು ಬರಲ್ವಲ್ಲಯ್ಯಾ ನಿನ್ನ ಬಾಯಲ್ಲಿ?”

“ಮೊದಲ ಸುತ್ತಿಂದು ತಪ್ಪು ಸಾರ್. ಎರಡನೇ ಸುತ್ತಿಂದು ಕಾದಂಬರಿ.”

ಬಾಗಿಲ ತನಕ ಹೋಗಿದ್ದೆ. ಹಿಂದಿನಿಂದ ಸಾಹೇಬರು ಕೆಮ್ಮಿದರು.

“ನಿಲ್ಲು.”

ನಿಂತೆ. ಅವರು ಜೇಬಿನಿಂದ ಒಂದು ನೀರಿನ ಬಿಲ್ಲು ತೆಗೆದು ಮಡಿಕೆ ಬಿಡಿಸಿದರು. ಅವರದೇ ಮನೆಯದು. ಬಹಳ ಸಲ ಮಡಚಿ ಬಿಡಿಸಿ ಅಂಚು ಸವೆದಿತ್ತು.

“‘ನೇಣುಗಂಬದ ಬಳಿ ಮಹಾರಾಣಿ ಕೈ ಎತ್ತಿದಳು. ಎಲ್ಲರೂ ಉಸಿರು ಬಿಗಿಹಿಡಿದರು. ಅವಳ ಬಾಯಿಂದ ಬಂದದ್ದು ಒಂದೇ ಮಾತು.’” ಅವರು ಕನ್ನಡಕ ತೆಗೆದರು. “ಇಲ್ಲಿಗೆ ನಿಂತಿದೆ. ನಮ್ಮನೆಯವಳು ಬೆಳಿಗ್ಗೆಯಿಂದ ಒಲೆ ಹಚ್ಚಿಲ್ಲ. ಏನಯ್ಯಾ ಆ ಮಾತು?”

“ನಿಮ್ಮ ಪಕ್ಕದ ಮನೆ ಬಿಲ್ಲಲ್ಲಿದೆ ಸಾರ್.”

“ಆ ಮನುಷ್ಯನ ಹತ್ರ ನಾನು ಮಾತು ಬಿಟ್ಟು ಎಷ್ಟೋ ವರ್ಷ ಆಯ್ತು. ಕಾಂಪೌಂಡು ಜಗಳ. ನೀನೇ ಹೇಳಿಬಿಡು. ಆದೇಶ ಬೇಕಾದ್ರೆ ವಾಪಸ್ ತಗೋತೀನಿ.”

ಮಂಡಿಗಳು ಮತ್ತೊಮ್ಮೆ ಒಪ್ಪಿಗೆ ಕೊಟ್ಟವು. ನಾನು ಅವುಗಳ ಮಾತು ಕೇಳಲಿಲ್ಲ. ಆದೇಶವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡೆ.

“ಹೋಗಿ ಬಾಗಿಲು ಬಡೀರಿ ಸಾರ್,” ಎಂದೆ. “ಪ್ರೇಮ ಕಥೆ ಓದೋಕೆ ಬಂದೆ ಅಂತ ಅವರ ಹತ್ರ ಬಾಯಿ ಬಿಟ್ಟು ಹೇಳಿ.”